ಕಾವಲು: ಯಾರನ್ನು, ಯಾರಿಂದ?

ಬೆಂಗಳೂರಿನಲ್ಲಿ ಕೆಂಪಾಪುರ ಎಂಬ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚಿವೆ. ನಾನು ಹೇಳುತ್ತಿರುವುದು ಹೆಬ್ಬಾಳ ದಾಟಿ, ಜಕ್ಕೂರು ಸಿಗುವ ಮೊದಲು, ಬಳ್ಳಾರಿ ರಸ್ತೆಯ ಬಲಗಡೆಗೆ ಹಬ್ಬಿರುವ ಕೆಂಪಾಪುರವನ್ನು. ಸಿಂಧಿ ಕಾಲೇಜು, ಕಾಫಿ ಬೋರ್ಡ್ ಬಡಾವಣೆ, ಒಂದಕ್ಕೊಂದು ಅಂಟಿಕೊಂಡ ಪಿ.ಜಿ.ಗಳು. ಊರಿನ ಉಳಿದೆಡೆಯಂತೆ ಇಲ್ಲಿಯೂ ಗೇಟುಗಳ ಮೇಲೆ ಅದೇ ಫಲಕ: ಈ ಕಟ್ಟಡ ಸಿಸಿಟಿವಿ ಕಣ್ಗಾವಲಿನಲ್ಲಿದೆ. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತವನನ್ನು ಮಾತ್ರ ಈಗ ಯಾರೂ ಕಾವಲುಗಾರ ಅನ್ನುವುದಿಲ್ಲ. ಆತ ‘ಸೆಕ್ಯೂರಿಟಿ’. ಮನುಷ್ಯನ ಮೈಯಿಂದ ಜಾರಿದ ಪದ ಕ್ಯಾಮೆರಾದ ಮೈಗೆ ಏರಿದೆ.

ಈ ಪದದ ಬೆನ್ನು ಹತ್ತಲು ಕಾರಣ ಕ್ಯಾಮೆರಾ ಅಲ್ಲ. ಪರಸೇನೆಯ ಹಿಡಿತದಲ್ಲಿರುವ ನಾಡುಗಳ ಮಕ್ಕಳ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬಂದಾಗ ‘ರಕ್ಷಣೆ’, ‘ವಶ’, ‘ಸುರಕ್ಷಿತ ಸ್ಥಳಕ್ಕೆ ಸಾಗಣೆ’ ಎಂಬ ಮಾತುಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತವೆ. ಮೊದಮೊದಲು ಇದು ವರದಿಗಾರರ ಅವಸರ ಅನ್ನಿಸುತ್ತಿತ್ತು. ಆಮೇಲೆ ನೋಡಿದರೆ ಆ ಬೆರಕೆ ಕನ್ನಡದ ‘ಕಾಯ್’ ಧಾತುವಿನೊಳಗೇ ಸಾವಿರ ವರ್ಷಗಳಿಂದ ಕೂತಿದೆ.

‘ಕಾ’ ಅಥವಾ ‘ಕಾಯ್’ ದ್ರಾವಿಡ ಭಾಷೆಗಳ ಹಳೆಯ ಆಸ್ತಿ. ತಮಿಳಿನಲ್ಲಿ ‘ಕಾವಲ್’ ಅಂದರೆ ಪಹರೆ. ತಮಿಳುನಾಡಿನ ಪೊಲೀಸ್ ಇಲಾಖೆಯ ಹೆಸರೇ ‘ಕಾವಲ್ ತುರೈ’. ಮಲಯಾಳದಲ್ಲೂ ಕಾವಲ್. ತೆಲುಗಿನಲ್ಲಿ ‘ಕಾಪು’ ಬೇಸಾಯಗಾರರ ಹೆಸರಾಗಿ ಉಳಿದಿದೆ. ಕನ್ನಡದಲ್ಲಿ ಇದರ ಸಂತಾನ ದೊಡ್ಡದು. ಕಾಪು, ಕಾಪಾಡು, ಕಾಪಿಡು, ಕಾವಲು, ಬೆಂಗಾವಲು, ಮೈಗಾವಲು. ಹಳಗನ್ನಡದಲ್ಲಿ ಅಂಗರಕ್ಷಕನಿಗೆ ‘ಮೆಯ್ಗಾಪು’ ಅನ್ನುತ್ತಿದ್ದರು. ಪಕಾರ ಹಕಾರವಾದ ಕಾಲದಲ್ಲಿ ‘ಕಾಪು’ ‘ಕಾಹು’ ಆಯಿತು. ಇವತ್ತಿಗೂ ನಾವು ಕುರಿಗಾಹಿ, ದನಗಾಹಿ ಅನ್ನುವಾಗ ಆ ಹಕಾರವನ್ನೇ ಆಡುತ್ತಿದ್ದೇವೆ. ವಚನಕಾರರಲ್ಲೊಬ್ಬನಾದ ತುರುಗಾಹಿ ರಾಮಣ್ಣನ ಹೆಸರಿನಲ್ಲೂ ಅದೇ. ಹಾಗಂತ ಕಣ್ಣಿಗೆ ಹತ್ತಿರ ಕಂಡದ್ದೆಲ್ಲ ನೆಂಟರಲ್ಲ. ‘ಕಾಯಿದೆ’ ಕಾಯುವುದರಿಂದ ಹುಟ್ಟಿದ್ದಲ್ಲ. ಅದು ಅರಬ್ಬಿಯಿಂದ ಹಿಂದುಸ್ತಾನಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದದ್ದು. ಕಾಯಿದೆ ಕಾಯಲೇಬೇಕೆಂದಿಲ್ಲ ಎಂಬುದನ್ನು ಭಾಷಾಶಾಸ್ತ್ರವೂ ಒಪ್ಪುತ್ತದೆ! ವೀರಗಲ್ಲುಗಳಲ್ಲಿ ಬರುವ ‘ಕಾದಿ ಸತ್ತ’ ಎಂಬಲ್ಲಿನ ‘ಕಾದು’ ಕೂಡ ಬೇರೆಯದೇ. ಅದು ಹೋರಾಡು ಎಂಬರ್ಥದ ಇನ್ನೊಂದು ಧಾತು.

ಕನ್ನಡದಲ್ಲಿ ‘ಕಾಯ್’ಗೆ ಇನ್ನೂ ಒಂದು ಅರ್ಥ ಬೆಳೆಯಿತು: ಎದುರುನೋಡು. ಹೊಲದ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕೂತು ಹಂದಿ ಓಡಿಸುವವನೂ ಕಾಯುತ್ತಾನೆ. ಬಸ್ಸಿಗೆ ನಿಂತವನೂ ಕಾಯುತ್ತಾನೆ. ಕಾವಲು ಅಂದರೆ ಮುಕ್ಕಾಲು ಪಾಲು ಕೂತು ನೋಡುವುದೇ ತಾನೆ, ಅದರಿಂದ ಈ ಅರ್ಥ ಬಂದಿರಬೇಕು. ಬಾಗಿಲಲ್ಲಿ ನಿಂತ ಸಿಪಾಯಿಯೂ ಬಾಗಿಲ ಕಡೆ ನೋಡುತ್ತ ಕೂತ ತಾಯಿಯೂ ಒಂದೇ ಕ್ರಿಯಾಪದದಲ್ಲಿ ಇದ್ದಾರೆ.

ಈಗ ವ್ಯಾಕರಣದ ತೊಡಕಿಗೆ ಬರೋಣ. ಬೆಳೆಯನ್ನು ಕಾಯುತ್ತೇವೆ, ಮಗುವನ್ನು ಕಾಯುತ್ತೇವೆ, ಕೈದಿಯನ್ನೂ ಕಾಯುತ್ತೇವೆ. ಮೂರಕ್ಕೂ ಅದೇ ದ್ವಿತೀಯಾ ವಿಭಕ್ತಿ. ಕಾಯುವುದು ಯಾತಕ್ಕೆ ಎಂದು ಕ್ರಿಯಾಪದ ಹೇಳುವುದಿಲ್ಲ. ಅದನ್ನು ಹೇಳುವುದು ಇನ್ನೊಂದು ಪ್ರತ್ಯಯ, ‘ಇಂದ’. ಬೆಳೆಯನ್ನು ಹಂದಿಯಿಂದ ಕಾಯುತ್ತೇವೆ. ಮಗುವನ್ನು ಕೆಟ್ಟ ದೃಷ್ಟಿಯಿಂದ, ಜ್ವರದಿಂದ, ಬೀದಿಯ ವಾಹನದಿಂದ ಕಾಯುತ್ತೇವೆ. ಕೈದಿಯನ್ನು ಯಾರಿಂದ? ಅಲ್ಲಿ ‘ಇಂದ’ ಕೂರುವುದೇ ಇಲ್ಲ. ಕನ್ನಡ ಕಲಿತ ಯಾರಿಗಾದರೂ ಈ ಪರೀಕ್ಷೆ ಮಾಡಲು ಬರುತ್ತದೆ, ಮತ್ತು ಪರಸೇನೆಯ ಕೆಳಗಿರುವ ಮಕ್ಕಳ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಕಂಡಿಲ್ಲ.

ಕೆಂಪಾಪುರದ ನೆರೆಯ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಬೆಂಗಳೂರಿನಲ್ಲಿ ಸಿಕ್ಕ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದು ಅನ್ನುತ್ತಾರೆ. ಆಗ ಈ ಸೀಮೆಯ ಹೆಸರು ಪೆರ್ಬೊಳಲ್ ನಾಡು. ಹೊರಗಿನ ದಾಳಿಯನ್ನು ಎದುರಿಸಿ ಮಡಿದ ಕಿಟ್ಟಯ್ಯ ಎಂಬ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ವೀರಗಲ್ಲುಗಳಿಗೆ ಅವುಗಳದೇ ಪದಕೋಶವಿದೆ. ದನ ಹೊಡೆದುಕೊಂಡು ಹೋದರೆ ತುರುಗೋಳ್, ಊರು ಹಾಳಾದರೆ ಊರಳಿವು, ಹೆಂಗಸರ ಕೂಗು ಎದ್ದರೆ ಪೆಣ್ಬುಯ್ಯಲ್. ದನ, ಊರು, ಹೆಣ್ಣು. ಮಕ್ಕಳ ಮೊರೆಗೆ ಅಂಥ ಒಂದು ಪದವನ್ನು ನಾನು ಓದಿದ ಶಾಸನಗಳಲ್ಲಿ ಕಂಡಿಲ್ಲ. ಮಕ್ಕಳು ಇರಲಿಲ್ಲವೆಂದಲ್ಲ, ದನದ ಜೊತೆ, ಹೆಂಗಸರ ಜೊತೆ ಸೇರಿಹೋಗಿದ್ದರು. ಯುದ್ಧದಲ್ಲಿ ಮಗುವನ್ನು ಬೇರೆಯಾಗಿ ಎಣಿಸುವುದು ತೀರ ಈಚಿನ ಅಭ್ಯಾಸ.

‘ಕಾವಲು’ ಎಂಬ ಪದ ಮನುಷ್ಯರನ್ನು ಬಿಟ್ಟು ನೆಲಕ್ಕೆ ಅಂಟಿಕೊಂಡ ಕತೆಯೂ ಬೆಂಗಳೂರಿನ ಈ ಉತ್ತರದ ಕಡೆಯೇ ಚೆನ್ನಾಗಿ ಕಾಣುತ್ತದೆ. ಆರ್.ಟಿ. ನಗರದ ಪಕ್ಕದ ಕಾವಲ್ ಬೈರಸಂದ್ರ, ಯಲಹಂಕದ ಕಡೆಯ ಜಾರಕಬಂಡೆ ಕಾವಲ್, ಇನ್ನೂ ಆಚೆಗೆ ಹೆಸರಘಟ್ಟದ ಹುಲ್ಲುಗಾವಲು. ಮೈಸೂರು ಸೀಮೆಯಲ್ಲಿ ಕಾವಲ್ ಅಂದರೆ ಕಾಯ್ದಿಟ್ಟ ಹುಲ್ಲುನೆಲ. ಬಹಳ ಕಡೆ ಅದು ಕಾಯ್ದಿಟ್ಟದ್ದು ಸೈನ್ಯದ ದನಗಳಿಗೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದ ಅರಮನೆಯ ಹಸುಗಳ ಇಲಾಖೆಯನ್ನು ಟಿಪ್ಪು ‘ಅಮೃತ್ ಮಹಲ್’ ಎಂದು ಕರೆದ. ಆ ಹೋರಿಗಳು ತೋಪು, ಸಾಮಾನು ಎಳೆದವು. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಎಂದು ಬೇರೆಬೇರೆ ಕಾವಲುಗಳಿದ್ದವು. 1799ರ ನಂತರ ಹೋರಿಗಳೂ ಕಾವಲುಗಳೂ ಇಂಗ್ಲಿಷರ ಸೈನ್ಯಕ್ಕೆ ಹೋದವು. ಹುಲ್ಲನ್ನು ಕಾಯುತ್ತಿದ್ದದ್ದು ಯಾರಿಂದ? ಸುತ್ತಲಿನ ಹಳ್ಳಿಯ ದನಗಳಿಂದ. ಸೈನ್ಯದ ಕಾಪು ಊರಿನವರಿಗೆ ಬೇಲಿಯಾಗುವುದಕ್ಕೆ ಇಷ್ಟು ಹಳೆಯ ಉದಾಹರಣೆ ನಮ್ಮ ಬಡಾವಣೆಗಳ ಹೆಸರಿನಲ್ಲೇ ಇದೆ.

ಈ ನೆಲ ಪರಸೇನೆಯ ಹಿಡಿತವನ್ನು ನೇರವಾಗಿ ಕಂಡದ್ದು 1791ರಲ್ಲಿ. ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಮಾರ್ಚ್ 7ರಂದು ಬೆಂಗಳೂರು ಪೇಟೆಯನ್ನೂ 21ರಂದು ಕೋಟೆಯನ್ನೂ ಹಿಡಿಯಿತು. ಕಿಲ್ಲೇದಾರ ಬಹಾದುರ್ ಖಾನ್ ಸತ್ತ. ತಿಂಗಳ ಕೊನೆಗೆ ಸೈನ್ಯ ಉತ್ತರಕ್ಕೆ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ದಿಕ್ಕಿಗೆ ನಡೆಯಿತು. ಮುಂದಿನ ವರ್ಷ ಶ್ರೀರಂಗಪಟ್ಟಣದ ಮುತ್ತಿಗೆಯ ಕೊನೆಗೆ ಆದ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಜೊತೆಗೆ ಹಣ ಸಲ್ಲುವವರೆಗೆ ಟಿಪ್ಪುವಿನ ಇಬ್ಬರು ಗಂಡುಮಕ್ಕಳು ಒತ್ತೆ. ಅಬ್ದುಲ್ ಖಾಲಿಕ್, ಮುಯಿಜುದ್ದೀನ್. ದೊಡ್ಡವನಿಗೆ ಹತ್ತು, ಚಿಕ್ಕವನಿಗೆ ಎಂಟು ಎಂದು ಆಗಿನ ಇಂಗ್ಲಿಷ್ ಬರಹ ಹೇಳುತ್ತದೆ. 1792ರ ಫೆಬ್ರವರಿ 26ರಂದು ಆನೆಯ ಮೇಲೆ ಕೂರಿಸಿ ಇಂಗ್ಲಿಷರ ಪಾಳೆಯಕ್ಕೆ ಕರೆತಂದರು. ಇನ್ನು ಮೇಲೆ ತಾವೇ ಇವರಿಗೆ ತಂದೆ ಎಂಬರ್ಥದ ಮಾತನ್ನು ಸುಲ್ತಾನನ ವಕೀಲ ಆಡಿದನಂತೆ. ಕಾರ್ನ್‌ವಾಲಿಸ್ ಹುಡುಗರ ಕೈಹಿಡಿದು ಕೂರಿಸಿ, ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಆ ದೃಶ್ಯವನ್ನು ರಾಬರ್ಟ್ ಹೋಮ್, ಮೇಥರ್ ಬ್ರೌನ್ ಮುಂತಾದ ಚಿತ್ರಕಾರರು ಬರೆದರು. ಅದರ ಅಚ್ಚುಚಿತ್ರಗಳು ಇಂಗ್ಲೆಂಡಿನಲ್ಲಿ ಮನೆಮಾತಾದವು. ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಗೆದ್ದ ಸೇನಾಪತಿಯಂತೆ ಅಲ್ಲ, ಮನೆಯ ಹಿರಿಯನಂತೆ ಇದ್ದಾನೆ. ಮಕ್ಕಳನ್ನು ಕಸಿದವನು ಮಕ್ಕಳ ಪಾಲಕನಾಗಿ ಕಾಣುವ ಚಿತ್ರಕ್ಕೆ ಅಂದಿನಿಂದ ಇಂದಿನವರೆಗೆ ಬೇಡಿಕೆ ಕಡಿಮೆಯಾಗಿಲ್ಲ.

ಹುಡುಗರನ್ನು ಮದರಾಸಿನಲ್ಲಿ ಚೆನ್ನಾಗಿಯೇ ನೋಡಿಕೊಂಡರು. ಊಟ, ಸೇವಕರು, ಔತಣ, ಯಾವುದಕ್ಕೂ ಕೊರತೆ ಇರಲಿಲ್ಲ. ಹಣ ಸಂದಾಯವಾದ ಮೇಲೆ 1794ರ ಮಾರ್ಚಿನಲ್ಲಿ ಕ್ಯಾಪ್ಟನ್ ಡವ್ಟನ್ ಇಬ್ಬರನ್ನೂ ಕರೆತಂದು ತಂದೆಗೆ ಒಪ್ಪಿಸಿದ್ದು ದೇವನಹಳ್ಳಿಯಲ್ಲಿ, ಟಿಪ್ಪು ಹುಟ್ಟಿದ ಊರಿನಲ್ಲಿ. ಇವತ್ತು ಕೆಂಪಾಪುರದ ಮುಂದೆ ಹಾದು ವಿಮಾನ ಹಿಡಿಯಲು ಓಡುವ ಕಾರುಗಳು ಹೋಗುವ ದಿಕ್ಕೂ ಅದೇ. ಐದು ವರ್ಷ ಕಳೆಯುವಷ್ಟರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಮಕ್ಕಳೆಲ್ಲ ಮತ್ತೆ ಕಾವಲಿಗೆ ಬಿದ್ದರು, ಮೊದಲು ವೆಲ್ಲೂರಿನ ಕೋಟೆ, 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತ. ಇವರನ್ನು ಯಾರಿಂದ ಕಾಯುತ್ತಿದ್ದರು ಎಂದು ಕೇಳಿನೋಡಿ. ‘ಇಂದ’ ಕೂರುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿ ಅವರನ್ನು ಕಾಯುತ್ತಿದ್ದದ್ದು ಬಾಕಿ ಹಣಕ್ಕಾಗಿ, ಆಮೇಲೆ ರಾಜ್ಯಕ್ಕಾಗಿ. ಇವರಾದರೂ ರಾಜಕುಮಾರರು. ಬೆಂಗಳೂರು ಪೇಟೆಯ ನೇಕಾರರ, ಕುಂಬಾರರ ಮಕ್ಕಳು 1791ರ ಮಾರ್ಚಿನಲ್ಲಿ ಏನಾದರು ಎಂದು ಚಿತ್ರ ಬರೆದವರಿಲ್ಲ.

1949ರ ಆಗಸ್ಟ್ 12ರಂದು ಜಿನೀವಾದಲ್ಲಿ ಒಪ್ಪಿಕೊಂಡ ನಾಲ್ಕನೆಯ ಒಡಂಬಡಿಕೆ ಮೊದಲ ಬಾರಿಗೆ ಪರಸೇನೆಯ ಕೈಗೆ ಸಿಕ್ಕ ನಾಗರಿಕರ ಬಗ್ಗೆ ವಿವರವಾಗಿ ಮಾತಾಡಿತು. ಅದರ 34ನೆಯ ವಿಧಿ ಚಿಕ್ಕದು: ಒತ್ತೆಯಾಳುಗಳನ್ನು ಹಿಡಿಯುವಂತಿಲ್ಲ. ನಾಡು ಹಿಡಿದ ಸೇನೆಯ ಕೈಯಲ್ಲಿರುವ ಜನರನ್ನು ಆ ಒಡಂಬಡಿಕೆ ಕರೆಯುವುದು ‘ಸಂರಕ್ಷಿತರು’ ಎಂದು. ಹಿಡಿದವನೇ ಕಾಯಬೇಕು ಎಂಬುದು ಅದರ ತರ್ಕ. ಬೇಲಿಯೇ ಎದ್ದು ಹೊಲ ಮೇಯಬಾರದು ಎಂದು ಬೇಲಿಗೇ ಬರೆದುಕೊಟ್ಟ ಪತ್ರ ಅದು. ನಗು ಬರಬಹುದು. ಆದರೆ 50ನೆಯ ವಿಧಿಯನ್ನು ಓದಿದರೆ ಬರೆದವರಿಗೆ ಬೇಲಿಯ ಗುಣ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಮಕ್ಕಳ ಪಾಲನೆ, ಓದಿನ ಸಂಸ್ಥೆಗಳು ಸರಿಯಾಗಿ ನಡೆಯಲು ಸೇನೆ ಅನುವು ಮಾಡಿಕೊಡಬೇಕು. ಮಗು ಯಾರದು, ತಂದೆತಾಯಿ ಯಾರು ಎಂಬುದನ್ನು ಗುರುತಿಸಿ ದಾಖಲಿಸಲು ನೆರವಾಗಬೇಕು. ಮಗುವಿನ ಪೌರಸ್ಥಾನವನ್ನು ಬದಲಿಸುವಂತಿಲ್ಲ, ತನ್ನ ಕೈಕೆಳಗಿನ ಸಂಘಟನೆಗಳಿಗೆ ಸೇರಿಸಿಕೊಳ್ಳುವಂತಿಲ್ಲ. ಅನಾಥರಾದವರನ್ನು, ಹೆತ್ತವರಿಂದ ಬೇರೆಯಾದವರನ್ನು ಸಾಧ್ಯವಾದಷ್ಟೂ ಅವರದೇ ನಾಡಿನ, ಅವರದೇ ಭಾಷೆಯ, ಅವರದೇ ಧರ್ಮದ ಜನರ ಕೈಯಲ್ಲಿ ಸಾಕಬೇಕು, ಓದಿಸಬೇಕು. ಅಂದರೆ ಮಗುವನ್ನು ಗುಂಡಿನಿಂದ ಕಾಯ್ದರೆ ಸಾಲದು, ಕಾಯುವವನಿಂದಲೂ ಕಾಯಬೇಕು. ‘ಇಂದ’ ಎಂಬ ಪ್ರತ್ಯಯ ಕಡೆಗೂ ಕೂತದ್ದು ಇಲ್ಲಿ. ಭಾರತ ಈ ಒಡಂಬಡಿಕೆಗಳನ್ನು 1950ರಲ್ಲಿ ಸ್ಥಿರೀಕರಿಸಿತು. 1960ರಲ್ಲಿ ಅವಕ್ಕೆಂದೇ ಕಾಯಿದೆ ಮಾಡಿತು.

ಅದೇ ಒಡಂಬಡಿಕೆಯ 24ನೆಯ ವಿಧಿಯಲ್ಲಿ ಒಂದು ಸಣ್ಣ ಮಾತಿದೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಗುರುತಿನ ಬಿಲ್ಲೆ ತೊಡಿಸಲು, ಇಲ್ಲವೆ ಬೇರೆ ರೀತಿಯಲ್ಲಿ ಗುರುತು ಉಳಿಯುವಂತೆ ಮಾಡಲು ಯತ್ನಿಸಬೇಕು. ಬೆಂಗಳೂರಿನ ತಮಿಳು ಮನೆಗಳಲ್ಲಿ ಕೂಸಿನ ಕೈಗೆ ಹಾಕುವ ಬಳೆಗೆ ‘ಕಾಪ್ಪು’ ಅನ್ನುತ್ತಾರೆ; ನಮ್ಮಲ್ಲಿ ತಾಯಿತ, ರಕ್ಷೆ. ಕೆಟ್ಟ ಕಣ್ಣು ತಾಗದಿರಲಿ ಎಂದು ಕಟ್ಟುವುದು. ಜಿನೀವಾದ ಬಿಲ್ಲೆ ಹೆದರುವುದು ಕಣ್ಣಿಗಲ್ಲ, ಹೆಸರು ಕಳೆದುಹೋಗುವುದಕ್ಕೆ. ಹೆಸರು ಉಳಿದರೂ ಸುದ್ದಿ ತಲುಪುವುದು ಸುಲಭವಿರಲಿಲ್ಲ: ಎರಡನೆಯ ಮಹಾಯುದ್ಧದಲ್ಲಿ ಬೇರೆಬೇರೆಯಾದ ಮನೆಮಂದಿಗೆ ರೆಡ್‌ಕ್ರಾಸ್ ಮೂಲಕ ಪತ್ರ ಕಳಿಸಲು ಇದ್ದ ಮಿತಿ 25 ಪದ. ಆ ಪದಗಳನ್ನೂ ಸೆನ್ಸಾರು ಓದಿ ಬಿಡಬೇಕು. ಇಂಥದೊಂದು ಕಾಗದಕ್ಕೆ ತಿಂಗಳುಗಟ್ಟಲೆ ಕಾದವರಿದ್ದರು.

ಮಕ್ಕಳನ್ನು ಅವರದೇ ಭಾಷೆಯಲ್ಲಿ ಬೆಳೆಸುವುದಕ್ಕೆ ನಮ್ಮ ಎಲ್ಲೆಯ ಹತ್ತಿರವೇ ಒಂದು ಗಟ್ಟಿ ಉದಾಹರಣೆ ಇತ್ತು, ಕನ್ನಡದವರು ಅದನ್ನು ಹೆಚ್ಚು ನೆನೆಯುವುದಿಲ್ಲ. ನಿಪ್ಪಾಣಿ ದಾಟಿದರೆ ಕೊಲ್ಲಾಪುರ. ಅದರ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಮಂದಿ ಪೋಲಿಷ್ ನಿರಾಶ್ರಿತರಿದ್ದರು. 1939ರಲ್ಲಿ ಪೋಲೆಂಡಿನ ಪೂರ್ವಭಾಗವನ್ನು ಸೋವಿಯತ್ ಸೇನೆ ಹಿಡಿದಾಗ ಸೈಬೀರಿಯಕ್ಕೆ, ಕಜಕಸ್ತಾನಕ್ಕೆ ಸಾಗಿಸಲ್ಪಟ್ಟು, ಆಮೇಲೆ ಇರಾನಿನ ದಾರಿಯಲ್ಲಿ ಹೊರಬಂದವರು. ಹೆಚ್ಚಿನವರು ಹೆಂಗಸರು, ಮಕ್ಕಳು. ಶಿಬಿರದಲ್ಲಿ ಪೋಲಿಷ್ ಭಾಷೆಯ ಶಾಲೆಗಳು ನಡೆದವು. ಜಾಮ್‌ನಗರದ ಹತ್ತಿರ ಬಾಲಾಚಡಿಯಲ್ಲಿ ಅಲ್ಲಿನ ಅರಸ ದಿಗ್ವಿಜಯಸಿಂಹಜಿ ಪೋಲಿಷ್ ಮಕ್ಕಳಿಗೆ ಆಸರೆ ಕೊಟ್ಟ ಕತೆ ಈಗ ಎಲ್ಲರಿಗೂ ಗೊತ್ತು. ವಳಿವಡೆ ಅದಕ್ಕಿಂತ ದೊಡ್ಡದಾಗಿದ್ದರೂ ನೆರಳಲ್ಲೇ ಉಳಿಯಿತು. 50ನೆಯ ವಿಧಿ ಬರೆಯುವುದಕ್ಕೆ ಆರು ವರ್ಷ ಮೊದಲೇ ಅದರ ಭಾಷೆಯ ಮಾತು ಇಲ್ಲಿ ನಡೆಯುತ್ತಿತ್ತು.

ಕರ್ನಾಟಕದ ಒಳಗೆ ಹೇಳಬೇಕಾದ ಕತೆ ಬೈಲಕುಪ್ಪೆಯದು. 1950ರಲ್ಲಿ ಚೀನದ ಸೇನೆ ಟಿಬೆಟ್ಟಿಗೆ ಹೊಕ್ಕಿತು. 1959ರ ದಂಗೆ ಅಡಗಿದ ಮೇಲೆ ದಲಾಯಿ ಲಾಮಾ ಭಾರತಕ್ಕೆ ಬಂದರು, ಹಿಂದೆ ಸಾವಿರಾರು ಜನ. ಹೆತ್ತವರು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೂಲಿಗೆ ಹೋದರೆ ಮಕ್ಕಳು ಕಲ್ಲುಗುಡ್ಡೆಗಳ ಪಕ್ಕ ಸೊರಗುತ್ತಿದ್ದರು. 1960ರ ಮೇ 17ರಂದು ಜಮ್ಮುವಿನ ರಸ್ತೆ ಶಿಬಿರಗಳಿಂದ 51 ಮಕ್ಕಳನ್ನು ಧರ್ಮಶಾಲೆಗೆ ತಂದರು. ಆ ಮಕ್ಕಳನ್ನು ನೋಡಿಕೊಂಡವರು ದಲಾಯಿ ಲಾಮಾರ ಅಕ್ಕ ತ್ಸೆರಿಂಗ್ ಡೋಲ್ಮಾ. 1964ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿ ಜೆಟ್ಸುನ್ ಪೆಮಾ. ಅದೇ ಮುಂದೆ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಆಗಿ ಬೆಳೆದು ಬೈಲಕುಪ್ಪೆಗೂ ಬಂತು. ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡುನೆಲದಲ್ಲಿ ಬೈಲಕುಪ್ಪೆಯ ಮೊದಲ ವಸತಿ ಎದ್ದಿತು; ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿ. ಮೊದಲ ವರ್ಷಗಳಲ್ಲಿ ದೊಡ್ಡವರು ರಾತ್ರಿ ಜೋಳದ ಹೊಲಕ್ಕೆ ಆನೆ ಬಾರದಂತೆ ಕಾದರು. ಹಗಲು ಮಕ್ಕಳಿಗೆ ಟಿಬೆಟನ್ ಅಕ್ಷರ ಕಲಿಸಿದರು. ಮಕ್ಕಳ ಮನೆಗಳಲ್ಲಿ ಒಂದೊಂದು ಮನೆಗೂ ಒಬ್ಬ ಸಾಕುತಾಯಿ, ಅವರಿಗೆ ‘ಅಮಾ-ಲಾ’ ಎಂಬ ಕರೆ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಕುಶಾಲನಗರದ ಸಂತೆಯಲ್ಲಿ ಸರಾಗವಾಗಿ ಕನ್ನಡದಲ್ಲಿ ಚೌಕಾಸಿ ಮಾಡುತ್ತ ಬೆಳೆದರು.

ಈ ಕಾಪಿಗೂ ಒಂದು ನೋವಿನ ಮಗ್ಗುಲಿದೆ. 1980ರ ದಶಕದಿಂದ ಅನೇಕ ಟಿಬೆಟನ್ ತಂದೆತಾಯಿಯರು ಮಕ್ಕಳನ್ನು ಹಿಮದ ಕಣಿವೆ ದಾಟಿಸಿ ಭಾರತದ ಶಾಲೆಗಳಿಗೆ ಬಿಟ್ಟು ತಾವು ಹಿಂದಿರುಗಿದರು. ಭಾಷೆ ಉಳಿಯಲಿ, ಓದು ಸಿಗಲಿ ಎಂದು. ಕೆಲವರು ಮತ್ತೆ ಮಕ್ಕಳ ಮುಖ ಕಾಣಲಿಲ್ಲ. ಅತ್ತ ಹೆತ್ತವರು ಕಾಯುತ್ತಿದ್ದರು, ಇತ್ತ ಸಾಕುತಾಯಿ ಕಾಯುತ್ತಿದ್ದಳು. ‘ಕಾಯ್’ನ ಎರಡು ಅರ್ಥ ಎರಡು ದೇಶಗಳಲ್ಲಿ ಒಂದೇ ಮಗುವಿನ ಮೇಲೆ ಬಿದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಗುವನ್ನು ಹೆತ್ತವರಿಂದ ಬೇರೆ ಮಾಡುವ ಯಾವ ರಕ್ಷಣೆಯೂ ಪೂರ್ತಿ ರಕ್ಷಣೆಯಲ್ಲ ಎಂದು ಆ ಶಾಲೆ ನಡೆಸಿದವರಿಗೂ ಗೊತ್ತಿತ್ತು. ಆದರೂ ಅಲ್ಲಿ ‘ಯಾರಿಂದ’ ಎಂದು ಕೇಳಿದರೆ ಹೆತ್ತವರೇ ಉತ್ತರ ಕೊಡುತ್ತಿದ್ದರು. ಕಳಿಸಿದವರು ಅವರು. ವ್ಯತ್ಯಾಸ ಅದು.

ಈಗಿನ ಕಾಲದಲ್ಲಿ ಪರೀಕ್ಷೆ ಇನ್ನೂ ಕಷ್ಟವಾಗಿದೆ, ಏಕೆಂದರೆ ಸೇನೆಗಳು ಮಕ್ಕಳ ಹಕ್ಕಿನ ಭಾಷೆ ಕಲಿತಿವೆ. 1967ರಿಂದ ಇಸ್ರೇಲಿನ ಸೇನೆಯ ಹಿಡಿತದಲ್ಲಿರುವ ವೆಸ್ಟ್ ಬ್ಯಾಂಕಿನಲ್ಲಿ 2009ರಲ್ಲಿ ಬಾಲಕರಿಗೆಂದೇ ಸೈನಿಕ ನ್ಯಾಯಾಲಯ ಶುರುವಾಯಿತು. ಬಾಲನ್ಯಾಯ, ಅದೂ ಸೈನಿಕ ಸಮವಸ್ತ್ರದಲ್ಲಿ. 2013ರಲ್ಲಿ ಯುನಿಸೆಫ್ ಇದನ್ನು ಪರಿಶೀಲಿಸಿ ವರದಿ ಕೊಟ್ಟಿತು. ವರ್ಷಕ್ಕೆ ಸುಮಾರು 700 ಮಂದಿ, 12ರಿಂದ 17 ವರ್ಷದವರು, ಹೆಚ್ಚಿನವರು ಹುಡುಗರು, ಸೈನ್ಯ ಅಥವಾ ಪೊಲೀಸರ ವಶವಾಗುತ್ತಾರೆ ಎಂದು ಲೆಕ್ಕ ಹಾಕಿತು. ಕೆಟ್ಟ ನಡವಳಿಕೆ ಅಲ್ಲೊಂದು ಇಲ್ಲೊಂದಲ್ಲ, ವ್ಯವಸ್ಥೆಯುದ್ದಕ್ಕೂ ಕಾಣುತ್ತದೆ ಎಂದಿತು. 38 ಶಿಫಾರಸು ಮಾಡಿತು. ರಾತ್ರಿ ಮನೆಗೆ ನುಗ್ಗಿ ಹಿಡಿಯುವುದು, ಕೈ ಕಟ್ಟುವುದು, ಕಣ್ಣಿಗೆ ಬಟ್ಟೆ, ಹೆತ್ತವರಿಲ್ಲದೆ ವಿಚಾರಣೆ, ಇವೆಲ್ಲ ಆ ವರದಿ ಎತ್ತಿ ಹೇಳಿದ ದೂರುಗಳಲ್ಲಿದ್ದವು. ಇಲ್ಲಿ ನಮ್ಮ ಪತ್ರಿಕೆಗಳು ಬಳಸುವ ‘ವಶಕ್ಕೆ ಪಡೆಯಲಾಯಿತು’ ಎಂಬ ಮಾತೇ ಸರಿ. ಅದರಲ್ಲಿ ಕನಿಷ್ಠ ಪಕ್ಷ ಸುಳ್ಳಿಲ್ಲ.

ಉಕ್ರೇನಿನದು ಇದರ ತಿರುವು. ರಷ್ಯಾ ಹಿಡಿದ ಪ್ರದೇಶಗಳಿಂದ ಮಕ್ಕಳನ್ನು ರಷ್ಯಾಕ್ಕೆ ಒಯ್ದದ್ದಕ್ಕಾಗಿ 2023ರ ಮಾರ್ಚ್ 17ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಇಬ್ಬರ ಮೇಲೆ ಬಂಧನದ ವಾರಂಟ್ ಹೊರಡಿಸಿತು. ಒಬ್ಬರು ಅಧ್ಯಕ್ಷ ಪುಟಿನ್. ಇನ್ನೊಬ್ಬರು ಮರಿಯಾ ಲ್ವೋವಾ-ಬೆಲೋವಾ. ಅವರ ಹುದ್ದೆ ಮಕ್ಕಳ ಹಕ್ಕುಗಳ ಆಯುಕ್ತೆ! ಮಕ್ಕಳನ್ನು ಯುದ್ಧದಿಂದ ಕಾಪಾಡಿದೆವು ಎಂಬುದು ರಷ್ಯಾದ ವಾದ. ‘ಇಂದ’ ಕೂತಿದೆ ಅಲ್ಲವೆ, ಎಂದು ಯಾರಾದರೂ ಕೇಳಬಹುದು. ಕೂತಿದೆ, ಆದರೆ ಆ ಯುದ್ಧವನ್ನು ತಂದವರು ಯಾರು? ಜೊತೆಗೆ ಪೌರತ್ವ ಬದಲಿಸಿಕೊಡುವುದು, ದತ್ತು ಕೊಡುವುದು ಕಾಪಾಡುವುದರಲ್ಲಿ ಬರುವುದಿಲ್ಲ. ಕಂಪನಿ ಹಣ ಬಂದ ಮೇಲೆ ಟಿಪ್ಪುವಿನ ಹುಡುಗರನ್ನು ದೇವನಹಳ್ಳಿಗೆ ತಂದು ಒಪ್ಪಿಸಿಯಾದರೂ ಒಪ್ಪಿಸಿತು.

ಸುದ್ದಿ ಬರೆಯುವ, ಅನುವಾದಿಸುವ ಗೆಳೆಯರಲ್ಲಿ ಒಂದು ಕೋರಿಕೆಯಿದೆ. ಯಾವುದೋ ಸೇನೆ ಯಾವುದೋ ಊರಿನ ಮಕ್ಕಳನ್ನು ‘ಸುರಕ್ಷಿತ ಸ್ಥಳಕ್ಕೆ ಸಾಗಿಸಿತು’ ಎಂಬ ಸುದ್ದಿ ಬಂದಾಗ ಅದನ್ನು ಹಾಗೇ ಕನ್ನಡಕ್ಕೆ ಇಳಿಸಬೇಡಿ. ಯಾರು ಒಯ್ದರು, ಯಾರಿಂದ ಕಾಪಾಡಲು, ಮಕ್ಕಳ ಹೆಸರು ಎಲ್ಲಿ ಬರೆದಿಟ್ಟಿದೆ, ತಂದೆತಾಯಿಗೆ ವಿಳಾಸ ತಿಳಿಸಿದ್ದಾರೆಯೆ ಎಂದು ಹುಡುಕಿ. ಉತ್ತರ ಸಿಕ್ಕರೆ ‘ಕಾಪಾಡಿತು’ ಎಂದು ಬರೆಯಿರಿ. ಸಿಗದಿದ್ದರೆ ‘ಒಯ್ದಿತು’ ಎಂದಷ್ಟೇ ಬರೆಯಿರಿ.